ಹಿಡಿಯೊಳಗಿನ ಅಳತೆ

ನಲ್ಲಿಯಲ್ಲಿ ನೀರು ಬಂದಿತ್ತು. ಮೂರು ಬಿಂದಿಗೆ ಹಿಡಿದೆ. ನಾಲ್ಕನೆಯದನ್ನೂ ಇಟ್ಟು, ಅದು ತುಂಬಿ ಹೊರಚೆಲ್ಲುವವರೆಗೆ ನಿಂತಿದ್ದೆ. ನಾಲ್ಕನೆಯದು ವರ್ಕ್‌ಶಾಪಿನದು. ಪುಟ್ಟರಾಜು ಕೈ ತೊಳೆಯಲು ಇಟ್ಟುಕೊಳ್ಳುತ್ತಿದ್ದ ಬಿಂದಿಗೆ.

ನೆಂಟರೆಲ್ಲ ಹಿಂದಿನ ದಿನವೇ ಹೊರಟಿದ್ದರು. ಬೌದ್ಧ ಭಿಕ್ಷು ಬಂತೇಜಿ ಬಂದು, ಸತ್ತವರ ಹೆಸರಲ್ಲಿ ಪುಣ್ಯಾನುಮೋದನೆ ಮಾಡಿ ಹೋಗಿದ್ದರು. ಬಾಡಿಗೆ ಕುರ್ಚಿಗಳನ್ನು ಶಾಮಿಯಾನದವನು ಎಣಿಸಿ ತೆಗೆದುಕೊಂಡು ಹೋಗಿದ್ದ. ಅರಸೀಕೆರೆಯ ನಮ್ಮ ಬೀದಿಗೆ ಇವತ್ತು ಬರೀ ಒಂದು ಗುರುವಾರ.

ಹನ್ನೆರಡು ದಿನದ ಹಿಂದೆ, ಹಳೇಬೀಡಿನ ಪಕ್ಕದ ಹುಲಿಕೆರೆ ಕಲ್ಯಾಣಿಯ ನೀರಿನಲ್ಲಿ ನನ್ನ ಗಂಡ ಪುಟ್ಟರಾಜುವಿನ ಶವ ಸಿಕ್ಕಿತ್ತು. ಜಾವಗಲ್ಲಿಗೆ ಹೋಗಿ ಬರುತ್ತೇನೆ ಎಂದು ಹೊರಟವರು ಹುಲಿಕೆರೆಗೆ ಯಾಕೆ ಹೋದರೆಂದು ಯಾರಿಗೂ ಗೊತ್ತಿರಲಿಲ್ಲ.

ಬಿಂದಿಗೆ ಒಳಗಿಡುವಷ್ಟರಲ್ಲಿ ಹೆಡ್ ಕಾನ್‌ಸ್ಟೇಬಲ್ ಬೋರಯ್ಯ ಬಾಗಿಲಲ್ಲಿ ನಿಂತಿದ್ದರು. ಹಳೇಬೀಡು ಸ್ಟೇಷನ್ನಿನವರು. ಒಳಗಿನ ಬುದ್ಧನ ಪಟ ನೋಡಿ, ತಮ್ಮ ಬೂಟು ನೋಡಿಕೊಂಡು, ನಿಟ್ಟುಸಿರು ಬಿಟ್ಟು ಜಗಲಿ ಮೇಲೆ ಕೂತು ದಾರ ಬಿಚ್ಚತೊಡಗಿದರು.

"ಇರ್ಲಿ ಬಿಡಿ ಸಾರ್," ಎಂದೆ.

"ಊಹ್ಞೂಂ. ನಿಮ್ಮನೆ ಹೊಸ್ಲು ತಾವ ಎಲ್ಲರೂ ಬಿಟ್ಟೇ ಬರ್ತಾರೆ ಅಂತ ಕೇಳಿವ್ನಿ. ಎಂತೆಂಥಾ ಪ್ಲಾಂಟರ್‌ಗಳೇ ಬಿಟ್ಟವ್ರಂತೆ, ನಂದೇನು."

ಒಳಗೆ ಬಂದು ಹಳೇ ಪೇಪರು ಸುತ್ತಿದ ಉದ್ದನೆಯ ಕಟ್ಟನ್ನು ನನ್ನ ಮುಂದಿಟ್ಟರು. ಪೇಪರು ಹರಿದ ಕಡೆ ಉಕ್ಕು ಹೊಳೆಯುತ್ತಿತ್ತು. ಗಾಲ್ಫ್ ಆಡುವ ಐರನ್. ಏಳನೇ ನಂಬರು.

"ಇದೇನಮ್ಮ ಇದು, ದನ ಹೊಡಿಯೋ ಕೋಲಿಗೆ ಕಬ್ಬಿಣದ ಮೆಟ್ಟು ಹಾಕ್ದಂಗೈತೆ," ಎಂದು ನಕ್ಕರು. ಅತ್ತೆ ದೇವೀರಮ್ಮ ಕಾಫಿ ಲೋಟ ಹಿಡಿದು ಬಂದದ್ದು ಕಂಡು ನಗು ನುಂಗಿಕೊಂಡರು. "ತಪ್ಪು ತಿಳೀಬ್ಯಾಡಿ. ಕಲ್ಯಾಣಿ ಮೂರ್ನೇ ಮೆಟ್ಲಲ್ಲಿ ಬಿದ್ದಿತ್ತು. ನಿಮ್ಮ ಯಜಮಾನ್ರುದೇ ಅಲ್ವಾ? ಇಲ್ಲೊಂದು ಸೈನ್ ಹಾಕ್ಬುಡಿ. ಮುಗೀತು."

ಕಾಗದದಲ್ಲಿ ನಾಲ್ಕೇ ಸಾಲು. ದೊರೆತ ಗಾಲ್ಫ್ ಕೋಲು ನನ್ನ ಗಂಡನದು. ಅವರು ಕಾಲು ಜಾರಿ ಬಿದ್ದು ಮೃತಪಟ್ಟಿದ್ದಾರೆ. ನನಗೆ ಯಾರ ಮೇಲೂ ಅನುಮಾನವಿಲ್ಲ. ಕೆಳಗೆ ನನ್ನ ಹೆಸರು, ಧನುಶ್ರೀ, ಆಗಲೇ ಟೈಪಾಗಿತ್ತು.

"ಇವತ್ತೇ ಬೇಕಾ?"

"ಇವತ್ತೇ. ಬೇಲೂರಿಂದ ರೇವಣಸಿದ್ದಪ್ನೋರು ಫೋನ್ ಮೇಲ್ ಫೋನ್ ಮಾಡ್ತಾವ್ರೆ. ಪಾಪ ಆ ಹುಡುಗೀನ ಅಲೆಸ್ಬೇಡಿ, ಬೇಗ ಮುಗಿಸ್ಬುಡಿ ಅಂತ. ದೊಡ್ಡ ಮನುಸ್ರು."

ರೇವಣಸಿದ್ದಪ್ಪ ಕಾಫಿ ಪ್ಲಾಂಟರ್. ಪುಟ್ಟರಾಜುವಿನ ಮೊದಲ ಗಿರಾಕಿ. ಮಣ್ಣಿಗೆ ಬಂದಿರಲಿಲ್ಲ. ಒಂದು ಮಾತು ಹೇಳಿ ಕಳಿಸಿರಲಿಲ್ಲ. ಸ್ಟೇಷನ್ನಿಗೆ ಮಾತ್ರ ಫೋನ್ ಮಾಡಿದ್ದರು.

"ಓದಿ ಹಾಕ್ತೀನಿ."

"ಓದಕ್ಕೇನೈತೆ ಅದ್ರಲ್ಲಿ?" ಬೋರಯ್ಯ ಅತ್ತೆಯ ಮುಖ ನೋಡಿ ಮೆತ್ತಗಾದರು. "ಆಯ್ತು. ನಾನು ಕಣಕಟ್ಟೆಗೆ ಮಗಳ ಮನೆಗೋಗಿ ಬತ್ತೀನಿ. ಸಾಯಂಕಾಲ ಐದರೊಳಗೆ ಕಾಗ್ದ, ಕೋಲು ಎರಡೂ ಸ್ಟೇಷನ್‌ಗೆ ತಂದು ನನ್ನ ಕೈಗೇ ಕೊಡಿ. ಸಾಹೇಬ್ರು ಕೇಳಿದ್ರೆ ಕೋಲು ನಿಮ್ಗೆ ಕೊಟ್ಟೋಗಿದ್ದೆ ಅನ್ಬ್ಯಾಡಿ ಮತ್ತೆ. ನನ್ನ ತಲೆ ಹೋಯ್ತದೆ."

ಐದು ಗಂಟೆಗೆ ಫೈಲು ಮುಚ್ಚುತ್ತದೆ. ನನಗೆ ತಿಳಿದದ್ದು ಇಷ್ಟು.

*

ವರ್ಕ್‌ಶಾಪು ಎಂದರೆ ಹಿತ್ತಲಿನ ಶೀಟು ಹಾಕಿದ ಕೋಣೆ. ಹನ್ನೆರಡು ದಿನದಿಂದ ಬಾಗಿಲು ತೆಗೆದಿರಲಿಲ್ಲ. ಪೆಟ್ರೋಲಿನ, ರಬ್ಬರಿನ ವಾಸನೆ ಹಾಗೇ ಇತ್ತು.

ಪುಟ್ಟರಾಜು ಮೈಸೂರಿನ ಗಾಲ್ಫ್ ಮೈದಾನದಲ್ಲಿ ಬೇರೆಯವರ ಚೀಲ ಹೊತ್ತು ಬೆಳೆದವರು. ಅಲ್ಲಿನ ರಿಪೇರಿ ಕೋಣೆಯಲ್ಲಿ ಕೆಲಸ ಕಲಿತರು. ನಾನು ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ ಅರಸೀಕೆರೆಯ ಕಾಲೇಜಿಗೆ ಫಿಸಿಕ್ಸ್ ಹೇಳಿಕೊಡಲು ಬಂದಾಗ ಅವರೂ ಬಂದರು. ಬೇಲೂರು, ಮೂಡಿಗೆರೆ ಕಡೆಯ ಪ್ಲಾಂಟರ್‌ಗಳ ಐರನ್‌ಗಳನ್ನು ಅವರವರ ಮೈಗೆ ಹೊಂದಿಸಿ ಕೊಡುವುದು ಅವರ ಕೆಲಸವಾಯಿತು.

"ಅಂಗಡಿ ಐರನ್ನು ಸರಾಸರಿ ಮನುಷ್ಯನಿಗೆ ಮಾಡಿದ್ದು ಕಣೇ," ಎನ್ನುತ್ತಿದ್ದರು. "ಆ ಸರಾಸರಿ ಮನುಷ್ಯ ಇದುವರೆಗೂ ಅರಸೀಕೆರೆ ಸ್ಟೇಷನ್‌ನಲ್ಲಿ ಇಳಿದಿಲ್ಲ."

ಆಟಗಾರ ನೆಟ್ಟಗೆ ನಿಂತು ಕೈ ಇಳಿಬಿಡಬೇಕು. ಪುಟ್ಟರಾಜು ಮಂಡಿಯೂರಿ, ಮಣಿಕಟ್ಟಿನ ಗೆರೆಯಿಂದ ನೆಲದವರೆಗೆ ಟೇಪು ಹಿಡಿಯುತ್ತಿದ್ದರು. ಆ ಅಳತೆಯ ಮೇಲೆ ಕೋಲಿನ ಉದ್ದ, ತಲೆ ಕೋಲಿಗೆ ಎಷ್ಟು ಬಾಗಿರಬೇಕೆಂಬ ವಾಲು ನಿರ್ಧಾರವಾಗುತ್ತಿತ್ತು. ಆಮೇಲೆ ಐರನ್ನಿನ ಅಡಿಗೆ ಅಂಟುಪಟ್ಟಿ ಹಚ್ಚಿ, ಹಲಗೆಯ ಮೇಲಿಟ್ಟ ಚೆಂಡು ಹೊಡೆಸುತ್ತಿದ್ದರು. ಉಜ್ಜಿದ ಗುರುತು ನಡುವೆ ಬಿದ್ದರೆ ವಾಲು ಸರಿ. ಮೂತಿಯ ಕಡೆ, ಎಂದರೆ ತಲೆಯ ಹೊರತುದಿಗೆ ಬಿದ್ದರೆ ಚೆಂಡು ಬಲಕ್ಕೆ ಓಡುತ್ತದೆ, ಕೋಲು ಕೂಡುವ ಹಿಮ್ಮಡಿಯ ಕಡೆ ಬಿದ್ದರೆ ಎಡಕ್ಕೆ.

ಕಟ್ಟು ಬಿಚ್ಚಿದೆ. ಗೋಡೆಗೆ ಒರಗಿದ್ದ ಅವರ ಸ್ವಂತ ಏಳನೇ ನಂಬರನ್ನು ಪಕ್ಕದಲ್ಲಿ ಹಿಡಿದೆ. ಅವರದು ಎರಡು ಬೆರಳು ಗಿಡ್ಡ. ಪೊಲೀಸರು ತಂದದ್ದು ಅವರಿಗಿಂತ ಎತ್ತರದ ಯಾರದ್ದೋ.

ತಲೆಯ ಹಿಂಭಾಗದಲ್ಲಿ ಮೂರು ಚುಕ್ಕೆ ಕೊರೆದಿತ್ತು. ಅದರ ಅರ್ಥ ನನಗೆ ಗೊತ್ತಾಗಲಿಲ್ಲ. ಆದರೆ ತಲೆಯನ್ನು ಕೋಲಿಗೆ ಕೂರಿಸಿದ ಕೈ ಯಾರದೆಂದು ಗೊತ್ತಾಯಿತು. ಕೂಡಿದ ಜಾಗದಲ್ಲಿ ಅಂಟು ಒಂದು ಹನಿಯೂ ಹೊರಗೆ ಬಂದಿರಲಿಲ್ಲ.

ಇದು ಅವರು ಮಾಡಿದ್ದು. ಅವರದಲ್ಲ.

ಬ್ಲೇಡು ತೆಗೆದುಕೊಂಡೆ.

ಪುಟ್ಟರಾಜುವಿಗೆ ಒಂದು ಅಭ್ಯಾಸ. ರಬ್ಬರಿನ ಹಿಡಿ ಏರಿಸುವ ಮುಂಚೆ ಕೋಲಿಗೆ ಕಾಗದದ ಪಟ್ಟಿ ಸುತ್ತಬೇಕು. ಆ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಅಳತೆ ಬರೆದು, ಮೇಲೆ ಹಿಡಿ ಮುಚ್ಚಿಬಿಡುತ್ತಿದ್ದರು. ಹೆಸರು ಬರೆಯುತ್ತಿರಲಿಲ್ಲ. "ಐರನ್ನು ಮಾರ್ತಾರೆ, ದಾನ ಕೊಡ್ತಾರೆ, ಅಳಿಯನಿಗೆ ಕೊಡ್ತಾರೆ. ಹೆಸರು ಕಟ್ಕೊಂಡು ನಾನೇನು ಮಾಡ್ಲಿ? ಅಳತೆ ಇದ್ರೆ ಸಾಕು." ಇದು ಗೊತ್ತಿದ್ದದ್ದು ಇಬ್ಬರಿಗೆ. ಅವರಿಗೆ, ನನಗೆ.

ಹಿಡಿ ಸೀಳಿ ಎಳೆದೆ. ಮೇಲ್ತುದಿಯಲ್ಲಿ ಒಂದೇ ಸುತ್ತು ಪಟ್ಟಿ. ಅವರ ಅಕ್ಷರ.

೩೫½ ಬ. ನೆಟ್ಟಗೆ ೨.

ಮಣಿಕಟ್ಟಿನಿಂದ ನೆಲಕ್ಕೆ ಮೂವತ್ತೈದೂವರೆ ಇಂಚು, ವಾಲು ಎರಡು ಡಿಗ್ರಿ ನೆಟ್ಟಗೆ. ಕೆಳಗೆ ತಾರೀಕು. ಅವರು ಸತ್ತ ದಿನದ್ದು.

ಬೆಂಚಿನ ಮೇಲೆ ಕೂತೆ. ಆ ಶನಿವಾರ ಬೆಳಿಗ್ಗೆ ನಾನು ಕಾಲೇಜಿಗೆ ಹೋದ ಮೇಲೆ ಇದನ್ನು ಮುಗಿಸಿದ್ದಾರೆ. ಮಧ್ಯಾಹ್ನ ತೆಗೆದುಕೊಂಡು ಹೋಗಿದ್ದಾರೆ. ಯಾರಿಗೋ ಕೊಡಲು.

ಬಲಗೈ ಹಿಡಿಯುವ ಕೆಳಭಾಗದಲ್ಲಿ ಪಟ್ಟಿ ದಪ್ಪವಾಗಿತ್ತು. ಅಂಚುಗಳನ್ನು ಉಗುರಿನಲ್ಲಿ ಎಣಿಸಿದೆ. ನಾಲ್ಕು ಸುತ್ತು. ಬೆರಳು ಪೂರ್ತಿ ಮಡಚಲಾಗದವರಿಗೆ ಹೀಗೆ ದಪ್ಪ ಮಾಡಿಕೊಡುತ್ತಾರೆ. ಈ ಐರನ್ನಿನ ಒಡೆಯನ ಬಲಗೈ ನೆಟ್ಟಗಿಲ್ಲ.

ಆ ಸುತ್ತುಗಳನ್ನು ಬಿಚ್ಚಲಿಲ್ಲ. ಅದೇ ದಪ್ಪದಲ್ಲಿ ಹಿಡಿ ಮತ್ತೆ ಹಾಕಿದರೆ, ಯಾರ ಕೈಗೆ ಕೂರುತ್ತದೆ ಎಂದು ನೋಡಬಹುದು.

ಇನ್ನೊಂದು ಸಂಗತಿ ಇತ್ತು. ನೋಡುತ್ತ ಕೂತಾಗ ನಿಧಾನವಾಗಿ ಹೊಳೆಯಿತು.

ಬ ಎಂದರೆ ಬರಿಗಾಲು. ಮೊದಲ ವರ್ಷ ಪುಟ್ಟರಾಜು ಮಾಡಿದ ಸೆಟ್ಟುಗಳೆಲ್ಲ ಕೆಟ್ಟಿದ್ದವು. ಪ್ಲಾಂಟರ್‌ಗಳು ಒಬ್ಬೊಬ್ಬರಾಗಿ ಬಂದು, ಚೆಂಡು ಬಲಕ್ಕೇ ಹೋಗುತ್ತೆ ಎಂದು ಕೂಗಾಡಿದರು. ಎರಡು ವಾರ ಅವರಿಗೆ ನಿದ್ದೆ ಇಲ್ಲ. ಒಂದು ದಿನ ಹೊಸ್ತಿಲಾಚೆ ಸಾಲಾಗಿ ಬಿಟ್ಟಿದ್ದ ಶೂಗಳನ್ನು ನೋಡಿ ನಾನೇ ಹೇಳಿದೆ. ಎಲ್ಲರನ್ನೂ ಬರಿಗಾಲಲ್ಲಿ ನಿಲ್ಲಿಸಿ ಅಳೆದಿದ್ದೀರಿ, ಅವರು ಆಡುವುದು ಶೂ ಹಾಕಿಕೊಂಡು. ಅಂದಿನಿಂದ ಬ ಎಂದು ಬರೆದು, ಪಕ್ಕದಲ್ಲಿ ಮುಕ್ಕಾಲು ಇಂಚು ಕೂಡಿಸುತ್ತಿದ್ದರು. ಒಂದು ಸಲವೂ ಮರೆತದ್ದಿಲ್ಲ.

ಇಲ್ಲಿ ಕೂಡಿಸಿರಲಿಲ್ಲ.

ಕೋಲಿಗೆ ಟೇಪು ಹಿಡಿದು ನೋಡಿದೆ. ಉದ್ದದಲ್ಲೂ ಕೂಡಿಸಿರಲಿಲ್ಲ. ಇದು ಬರಿಗಾಲಲ್ಲೇ ಆಡುವವರಿಗೆ ಮಾಡಿದ ಐರನ್.

ಗಿರಾಕಿಗಳ ಪುಸ್ತಕ ತೆಗೆದೆ. ನಲವತ್ತೊಂದು ಜನ. ಮೂವತ್ತೈದೂವರೆ ಯಾರೂ ಇಲ್ಲ. ಬರಿಗಾಲಲ್ಲಿ ಆಡುವವರು ಯಾರೂ ಇಲ್ಲ. ನನ್ನ ಗಂಡ ಯಾರದೋ ಪಾದದ ಪಕ್ಕ ಮಂಡಿಯೂರಿ ಅಳತೆ ತೆಗೆದು, ಅದನ್ನು ಪುಸ್ತಕದಿಂದಲೂ ನನ್ನಿಂದಲೂ ಮುಚ್ಚಿಟ್ಟಿದ್ದರು.

ಅಳು ಬರಲಿಲ್ಲ. ಪುಸ್ತಕ ಮುಚ್ಚಿ, ಹೊಸ ಹಿಡಿ ಹುಡುಕತೊಡಗಿದೆ.

"ಏನವ್ವಾ ಮಾಡ್ತಿದ್ದೀ ಒಬ್ಳೇ?" ಅತ್ತೆ ಬಾಗಿಲಲ್ಲಿದ್ದರು. ಅವರ ಕಣ್ಣು ಬೆಂಚಿನ ಮೇಲಿದ್ದ ಮರದ ಪೆಟ್ಟಿಗೆ ಮೇಲೆ ನಿಂತಿತು. "ಅದು ನಮ್ದಲ್ಲ ಅಲ್ವಾ?"

ಅಲ್ಲ. ವಾಲು ಅಳೆಯುವ ಗೇಜು. ವಿಲಾಯಿತಿಯದು, ಒಳಗೆ ಹಸಿರು ಬಟ್ಟೆ ಹೊದಿಸಿದ ಪೆಟ್ಟಿಗೆ. ಮೂರು ತಿಂಗಳ ಹಿಂದೆ ಪುಟ್ಟರಾಜು ರೇವಣಸಿದ್ದಪ್ಪನವರ ಹತ್ತಿರ ಇಸಿದುಕೊಂಡಿದ್ದರು.

"ಕೊಟ್ಬುಡು ಮಗಾ. ಅವ್ನು ಇಸ್ಕಂಡಿದ್ದು ನಮ್ಮನೇಲಿ ಇರಬಾರ್ದು. ನಾಳೆ ಯಾರಾರ ಒಂದು ಮಾತಂದ್ರೆ ಅವ್ನು ಬಂದು ಉತ್ತರ ಕೊಡಕ್ಕಾಯ್ತದಾ?"

ಪಟ್ಟಿಯ ಮೇಲೆ ಅಂಟು ಹಚ್ಚಿ, ಪೆಟ್ರೋಲು ಸುರಿದು, ಹೊಸ ಹಿಡಿ ಜಾರಿಸಿದೆ. ಹತ್ತೂಕಾಲರ ಬಸ್ಸು ಸಿಕ್ಕಿತು.

*

"ಇದಕ್ಕೂ ಲಗೇಜು ಹಾಕ್ಲಾ?" ಎಂದ ಕಂಡಕ್ಟರು, ಪೇಪರು ಸುತ್ತಿದ ಕೋಲು ನೋಡಿ. ನನ್ನ ಮುಖ ನೋಡಿ, ಟಿಕೆಟ್ಟಷ್ಟೇ ಹರಿದು ಮುಂದೆ ಹೋದ.

ಜಾವಗಲ್ ಬಂತು, ಹೋಯಿತು. ಹುಲಿಕೆರೆಯ ಕಡೆಗೆ ರಸ್ತೆ ಒಡೆಯುವಲ್ಲಿ ಕಣ್ಣು ಮುಚ್ಚಿಕೊಂಡೆ. ಹಳೇಬೀಡಿನಲ್ಲಿ ಪ್ರವಾಸಿಗಳು ಎಳನೀರು ಕುಡಿಯುತ್ತಿದ್ದರು. ಬೇಲೂರಿನಲ್ಲಿ ಇಳಿದು ಆಟೋ ಹತ್ತಿದೆ.

ರೇವಣಸಿದ್ದಪ್ಪನವರ ಬಂಗಲೆ ಊರ ಹೊರಗೆ. ಮುಂದೆ ಕತ್ತರಿಸಿ ಸಮ ಮಾಡಿದ ಹುಲ್ಲು. ಅವರು ಬಲೆಯೊಳಕ್ಕೆ ಚೆಂಡು ಹೊಡೆಯುತ್ತಿದ್ದರು. ಗಿಡ್ಡ, ದಪ್ಪ ಆಳು. ತೋಳು ಮಾತ್ರ ಉದ್ದ. ಕಾಲಿಗೆ ಅಡಿಯಲ್ಲಿ ಮೊಳೆ ಇರುವ ಗಾಲ್ಫ್ ಶೂ.

"ಯಾರು? ಓ, ನಮ್ಮ ಪುಟ್ಟರಾಜು ಮನೆಯವರಾ? ಛೆ ಛೆ. ನೀವ್ಯಾಕೆ ಬರೋಕೆ ಹೋದ್ರಿ ಇಷ್ಟು ಬೇಗ?"

"ನಿಮ್ಮ ಗೇಜು ಮನೇಲಿತ್ತು. ಕೊಟ್ಟು ಹೋಗೋಣ ಅಂತ."

"ಅದೇನು ಅವಸರ ಇತ್ತು? ಫೋನ್ ಮಾಡಿದ್ರೆ ಡ್ರೈವರ್ ಕಳಿಸ್ತಿದ್ದೆ. ಕೂತ್ಕೊಳ್ಳಿ."

ಬೇವಿನ ಮರದಡಿ ಒಂದು ಕುರ್ಚಿ ಇತ್ತು. ಕೂತೆ. ಕೆಲಸದವಳು ಕಾಫಿ ತಂದಳು. ಅವರಿಗೆ ಪಿಂಗಾಣಿ ಬಟ್ಟಲಲ್ಲಿ, ನನಗೆ ಪ್ಲಾಸ್ಟಿಕ್ ಲೋಟದಲ್ಲಿ. ನಾನು ಲೋಟವನ್ನು ಹುಲ್ಲಿನ ಮೇಲಿಟ್ಟೆ.

"ಒಳ್ಳೇ ಕೈ ಇತ್ತು ಅವನದು," ಎಂದರು. "ನಾನೇ ಎಲ್ಲರಿಗೂ ಪರಿಚಯ ಮಾಡ್ಸಿದ್ದು. ಆ ಕಲ್ಯಾಣಿ ಮೆಟ್ಲು ಬಹಳ ಕೆಟ್ಟದ್ದು ಬಿಡಿ. ಪಾಚಿ."

ಪೇಪರು ಬಿಚ್ಚಿದೆ. "ಇನ್ನೊಂದಿದೆ. ಇದು ನಿಮಗೆ ಮಾಡಿದ್ದಾ, ನೋಡಿ ಹೇಳ್ತೀರಾ?"

ಅವರು ಅಭ್ಯಾಸದಂತೆ ಇಸಿದುಕೊಂಡರು. ಆಟಗಾರನ ಕೈಗೆ ಐರನ್ ಕೊಟ್ಟರೆ ಅವನು ಮೊದಲು ಹಿಡಿಯುತ್ತಾನೆ, ಆಮೇಲೆ ನೋಡುತ್ತಾನೆ. ಎರಡೂ ಕೈಯ ಹತ್ತೂ ಬೆರಳು ಗಟ್ಟಿಯಾಗಿ ಮಡಚಿದವು.

"ಇದೇನ್ರೀ ಇದು! ಕೆಳಗೆ ಬಾಳೆಕಾಯಿ ಹಿಡ್ಕೊಂಡ ಹಾಗಿದೆ." ನಕ್ಕರು. ಹುಲ್ಲಿನ ಮೇಲೆ ಊರಿ ನಿಂತರು. ಐರನ್ನಿನ ಮೂತಿ ಮೇಲೆದ್ದಿತು. ಅಡಿಯಲ್ಲಿ ಬೆಂಕಿಪೊಟ್ಟಣ ತೂರಿಸಬಹುದಿತ್ತು.

ಇವರಲ್ಲ.

ಇವರೇ ಎಂದುಕೊಂಡು ಬಂದಿದ್ದೆ. ಬಸ್ಸಿನುದ್ದಕ್ಕೂ ಇವರೇ ಆಗಲಿ ಎಂದು ಕೇಳಿಕೊಂಡಿದ್ದೆ.

"ಯಾರಿಗೆ ಮಾಡಿದ್ನೋ ಮಹರಾಯ," ಎನ್ನುತ್ತ ಅವರು ತಲೆಗೆ ಹತ್ತಿದ ಹುಲ್ಲು ಒರೆಸಲು ಐರನ್ ತಿರುಗಿಸಿದರು. ಹೆಬ್ಬೆರಳು ಮೂರು ಚುಕ್ಕೆಗಳ ಮೇಲೆ ನಿಂತಿತು. ನಗು ಅಲ್ಲಿಗೇ ನಿಂತಿತು.

"ಇದೆಲ್ಲಿ ಸಿಕ್ತು?"

"ಹುಲಿಕೆರೆ ಕಲ್ಯಾಣೀಲಿ. ಮೂರನೇ ಮೆಟ್ಟಿಲಲ್ಲಿ."

ಅವರು ಐರನ್ನನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದರು. "ಇದು ನಮ್ಮ ತಂದೆಯವರ ಸೆಟ್ಟಿಂದು. ಈ ಚುಕ್ಕೆ ಅವರೇ ಹೊಡೆಸಿದ್ದು. ಅವರು ಹೋದ ಮೇಲೆ ಮಾಳಿಗೆ ಕೋಣೇಲಿಟ್ಟು ಬೀಗ ಹಾಕಿದ್ದೆ." ಧ್ವನಿ ಏರಿತು. "ಕದ್ದಿದಾನೆ! ನಿನ್ನ ಗಂಡ ಕದ್ದಿದಾನೆ!"

"ನಿಮ್ಮ ಮಾಳಿಗೆ ತನಕ ಅವರನ್ನ ಬಿಡ್ತಿದ್ರಾ?"

"ಏನು?"

"ನಾಲ್ಕು ವರ್ಷದಲ್ಲಿ ಈ ಕುರ್ಚಿಯಿಂದ ಆಚೆಗೆ ಅವರನ್ನ ಒಂದು ಸಲ ಕರೆದಿದ್ರಾ?"

ಅವರ ಕಣ್ಣು ಹುಲ್ಲಿನ ಮೇಲಿದ್ದ ಪ್ಲಾಸ್ಟಿಕ್ ಲೋಟಕ್ಕೆ ಹೋಗಿ ಬಂತು.

"ಕದಿಯೋನು ಕರೆಸ್ಕೊಂಡು ಬರ್ತಾನೇನಮ್ಮ?"

"ಬೀಗ ಒಡೆದಿತ್ತಾ?"

ಅವರು ನೋಡಿರಲಿಲ್ಲ. ಈಗ ಕೋಣೆ ಹೇಗಿದೆ ಎಂದು ಅವರಿಗೇ ಗೊತ್ತಿರಲಿಲ್ಲ. ಅವರ ತಲೆ ತಾನಾಗಿ ಮೇಲಿನ ಕಿಟಕಿಯ ಕಡೆ ತಿರುಗಿತು. ಅಲ್ಲಿಂದ ನನ್ನ ಕಡೆ ತಿರುಗಿದಾಗ ಮುಖ ಬೇರೆಯಾಗಿತ್ತು.

"ನೋಡಮ್ಮ. ಓದಿರೋಳು ನೀನು. ಆ ಕಾಗದಕ್ಕೆ ಸೈನ್ ಹಾಕಿ ಕೊಡು. ಜಾರಿ ಬಿದ್ದ, ಸತ್ತ, ಮುಗೀತು. ಈ ಐರನ್ ವಿಷ್ಯ ನಾನು ಎಲ್ಲೂ ಎತ್ತಲ್ಲ. ಇಲ್ಲ ಅಂದ್ರೆ ಕಳ್ಳನ ಹೆಂಡ್ತಿ ಅನ್ನಿಸ್ಕೊಂಡು ಕಾಲೇಜಿಗೆ ಹೋಗಬೇಕಾಗುತ್ತೆ. ಯೋಚನೆ ಮಾಡು."

ಕಾಗದದ ವಿಷಯ ನಾನು ಹೇಳಿರಲಿಲ್ಲ. ಸೈನ್ ಹಾಕಿದರೆ ಐರನ್ ನನ್ನ ಗಂಡನದು ಎಂದು ನಾನೇ ಬರೆದುಕೊಟ್ಟ ಹಾಗೆ. ಅದರ ಮೇಲೆ ಮೂರು ಚುಕ್ಕೆ. ಕಳ್ಳತನಕ್ಕೆ ಬೇರೆ ಸಾಕ್ಷಿ ಬೇಡ. ಹಾಕದಿದ್ದರೂ ಕಳ್ಳ, ಹಾಕಿದರೂ ಕಳ್ಳ.

ಎದ್ದು ನಿಂತೆ. "ಅದನ್ನ ಕೊಡಿ. ಸ್ಟೇಷನ್ನಿಗೆ ಕೊಡಬೇಕು."

"ಇದು ನಂದು."

"ಪೊಲೀಸರು ನನ್ನ ಕೈಗೆ ಕೊಟ್ಟಿದ್ದು."

"ಪೊಲೀಸರ ಹತ್ರ ನಾನು ಮಾತಾಡ್ಕೋತೀನಿ." ಐರನ್ನನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಮನೆಯ ಕಡೆ ತಿರುಗಿ ಕೂಗಿದರು. "ಲಲಿತಾ! ಇವರ ಹತ್ರ ಆ ಪೆಟ್ಟಿಗೆ ಈಸ್ಕೊಂಡು ಕಳಿಸು!"

ಶೂ ಬಿಚ್ಚದೆ ಒಳಗೆ ನಡೆದರು. ಮರದ ಮೆಟ್ಟಿಲಿನ ಮೇಲೆ ಮೊಳೆಗಳ ಸದ್ದು ಕೇಳಿಸಿತು. ಬೀಗ ನೋಡಲು ಹೋಗುತ್ತಿದ್ದರು.

ನನ್ನ ಕೈಯಲ್ಲಿ ಪೆಟ್ಟಿಗೆಯೊಂದೇ ಉಳಿಯಿತು. ಇದ್ದ ಒಂದೇ ಸಾಕ್ಷಿಯನ್ನು ನಾನೇ ಕೈಯಾರೆ ಕೊಟ್ಟಿದ್ದೆ.

ರೇವಣಸಿದ್ದಪ್ಪನವರ ಹೆಂಡತಿ ಲಲಿತಮ್ಮ ವರಾಂಡಕ್ಕೆ ಬಂದರು. ಅವರನ್ನು ನಾನು ನೋಡಿದ್ದು ಅದೇ ಮೊದಲು. ಗಂಡನಿಗಿಂತ ಒಂದು ಗೇಣು ಎತ್ತರ. ಮೆಟ್ಟಿಲ ಕೆಳಗೆ ಎರಡು ಜೊತೆ ಚಪ್ಪಲಿ ಇದ್ದವು. ಯಾವುದನ್ನೂ ಮೆಟ್ಟದೆ ನೇರವಾಗಿ ಹುಲ್ಲಿಗೆ ಇಳಿದರು. ಆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ರೂಢಿಯಿದ್ದವರ ನಡಿಗೆ.

"ಕೊಡಿ," ಎಂದರು.

ನಾನು ಎರಡೂ ಕೈಯಲ್ಲಿ ಚಾಚಿದೆ. ಅವರ ಎಡಗೈ ಪೆಟ್ಟಿಗೆಯ ಅಡಿಗೆ ಬಂತು. ಬಲಗೈ ಮೇಲೆ ಬಂತು. ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಅಂಚನ್ನು ಹಿಡಿದವು. ಉಳಿದ ಎರಡು ಮಡಚಲಿಲ್ಲ. ಕಡ್ಡಿಯ ಹಾಗೆ ನೆಟ್ಟಗೇ ಇದ್ದವು.

ನನ್ನ ಕಣ್ಣು ಆ ಮಣಿಕಟ್ಟಿನಿಂದ ಕೆಳಗಿಳಿಯಿತು. ಸೀರೆಯ ಅಂಚು. ಪಾದ. ಹುಲ್ಲು. ನಾಲ್ಕು ವರ್ಷ ಅವರು ಅಳೆಯುವುದನ್ನು ನೋಡುತ್ತ ಪಳಗಿದ ಕಣ್ಣು. ತಾನೇ ಅಳೆಯಿತು.

ಮೂವತ್ತೈದೂವರೆ.

ಪುಟ್ಟರಾಜು ಮಂಡಿಯೂರಿದ್ದು ಈ ಪಾದದ ಪಕ್ಕದಲ್ಲಿ.

ಅವರು ನನ್ನ ಮುಖ ನೋಡಲಿಲ್ಲ. ಮೇಲಿನ ಕಿಟಕಿ ನೋಡುತ್ತಿದ್ದರು. ತುಟಿ ಅಲುಗಿದ್ದೇ ಗೊತ್ತಾಗದಷ್ಟು ಮೆಲ್ಲಗೆ ಕೇಳಿದರು.

"ಹಿಡಿ ಬಿಚ್ಚಿ ಓದಿದ್ರಾ?"

ಇಬ್ಬರಿಗೆ ಗೊತ್ತಿದ್ದ ವಿಷಯ. ಇಬ್ಬರಿಗಲ್ಲ, ಮೂವರಿಗೆ.

"ಅಳತೆ ಓದಿದೆ," ಎಂದೆ.

"ಅಳತೆ ಅಲ್ಲ ಧನುಶ್ರೀ." ನನ್ನ ಹೆಸರು ಅವರಿಗೆ ಗೊತ್ತಿತ್ತು. "ಕೆಳಗಿನ ಸುತ್ತುಗಳು. ಅದರೊಳಗೆ ಅವರು ನಿಮಗೆ ಬರೆದಿಟ್ಟಿದ್ದು. ಅದನ್ನ ಬಿಚ್ಚಿದ್ರಾ?"

ಪೆಟ್ಟಿಗೆ ನನ್ನ ಕೈ ಬಿಟ್ಟು ಅವರ ಕೈಗೆ ಹೋಯಿತು.

ಒಳಗೆ, ಮಾಳಿಗೆಯ ಬಾಗಿಲಲ್ಲಿ, ಮೊಳೆ ಶೂಗಳ ಸದ್ದು ನಿಂತಿತು. ನಾನು ಬಿಚ್ಚದೆ ಬಿಟ್ಟ ನಾಲ್ಕು ಸುತ್ತುಗಳ ಸಮೇತ ಐರನ್ ರೇವಣಸಿದ್ದಪ್ಪನವರ ಕಂಕುಳಲ್ಲೇ ಇತ್ತು.